ಬದುಕಿದ್ದ ಅವ್ವನಿಗೆ ಹಾಡಿದ ಅಳು

ನಮ್ಮ ಅಮರೇಶ್ವರಿಯ ಬಗ್ಗೆ ಪೇಪರಿನವರು ಮೂರು ಸಲ ಬರೆದಿದ್ದಾರೆ. ಮೂರೂ ಸಲ ‘ಬಹುಮುಖ ಪ್ರತಿಭೆ’ ಎಂದರು. ನಟನೆ, ಹಾಡು, ಕೌದಿ ಹೊಲಿಗೆ, ಚಿತ್ರ ಬರೆಯುವುದು ಎಂದು ಸಂತೆಯ ಚೀಟಿಯಂತೆ ಪಟ್ಟಿ ಮಾಡಿದರು. ಒಂದು ಸಂಗತಿ ಮಾತ್ರ ಯಾರೂ ಬರೆಯಲಿಲ್ಲ. ಹದಿನಾಲ್ಕು ವರ್ಷ ಧಾರಾವಾಹಿಗಳಲ್ಲಿ ಕಂಡ ಮುಖ ಅವಳದು, ಕೇಳಿದ ದನಿ ಅವಳದಲ್ಲ. ಅದನ್ನು ನಾನು ಬರೆಯುತ್ತೇನೆ. ನಾನು ಉಮಾದೇವಿ, ಮಸ್ಕಿಯ ಸಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪಾಮನಕಲ್ಲೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಣಿತದ ಹೋಂವರ್ಕನ್ನೆಲ್ಲ ಬರೆದುಕೊಟ್ಟವಳು ನಾನು, ಇದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಅವಳ ತಾಯಿ ಬಸ್ಸಮ್ಮ. ಗಂಡ ತೀರಿಹೋದಾಗ ಮಗಳಿಗೆ ಮೂರು ವರ್ಷ. ನಮ್ಮದು ಮಳೆ ನಂಬಿದ ಹೊಲ, ವರ್ಷಪೂರ್ತಿ ಕೆಲಸ ಸಿಗುವುದಿಲ್ಲ. ನಾಟಿ ಸುರುವಾದರೆ ಬಸ್ಸಮ್ಮ ಜವಳಗೇರಾ ಕಡೆಯ ಕಾಲುವೆ ಗದ್ದೆಗಳಿಗೆ ಕೂಲಿಗೆ ಹೋಗುವಳು. ಟ್ರ್ಯಾಕ್ಟರಿನಲ್ಲಿ ನಿಂತೇ ಹೋಗಿ ನಿಂತೇ ಬರುವಳು. ಮಗಳನ್ನು ಬಿಟ್ಟುಹೋಗುತ್ತಿದ್ದುದು ಕೌದಿ ಹೊಲಿಯುವ ಗುಲ್ಷನ್‌ಬೀಯ ಮನೆಯಲ್ಲಿ. ಅಮರೇಶ್ವರಿ ಸೂಜಿ ಹಿಡಿಯಲು ಕಲಿತದ್ದು ಅಲ್ಲಿ. ಹಾಡಲು ಕಲಿತದ್ದು ಅವ್ವನಿಂದ, ಅದೂ ಸತ್ತವರ ಮನೆಗಳಲ್ಲಿ.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರು ಮಾಡಿದ ಒಳ್ಳೆಯದನ್ನು ಒಂದೊಂದಾಗಿ ಎತ್ತಿ, ಪ್ರತಿ ಸಾಲಿನ ಕೊನೆಗೂ ಅವರನ್ನು ಕರೆಯುತ್ತಾರೆ. ಅದಕ್ಕೆ ಎರಡೇ ಕಟ್ಟಳೆ. ಸುಳ್ಳು ಹಾಡಬಾರದು, ಸತ್ತವರ ತಪ್ಪನ್ನೂ ಹಾಡಬಾರದು. ಬಸ್ಸಮ್ಮನಷ್ಟು ಚಂದ ಅಳುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ, ಕರೆಯಲು ಬರುತ್ತಿದ್ದರು. ಪಕ್ಕದಲ್ಲಿ ಕೂತು ಕೂತೇ ಕಲಿತ ಅಮರೇಶ್ವರಿ ಆರು ವರ್ಷದವಳಿದ್ದಾಗ ಸತ್ತ ಕೋಳಿಮರಿಗೆ ಹಾಡಿ ಅತ್ತಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಸ್ಸಮ್ಮ ಬಂದು ಇಬ್ಬರ ಬೆನ್ನಿಗೂ ಒಂದೊಂದು ಬಿಟ್ಟಳು.

ಹದಿನೇಳಕ್ಕೆ ಅವಳು ಸಿಂಧನೂರಿನಲ್ಲಿ ಕರಿಬಸಯ್ಯ ಮಾಸ್ತರರ ನಾಟಕ ತಂಡ ಸೇರಿದಳು. ಕಾಲೇಜಿಗೆಂದು ಬಸ್ಸು ಹತ್ತಿ ತಾಲೀಮಿಗೆ ಹೋಗುತ್ತಿದ್ದಳು. ಗೊತ್ತಾದ ದಿನ ಬಸ್ಸಮ್ಮ ಅವಳ ಚೀಲದಲ್ಲಿದ್ದ ಗೆಜ್ಜೆ ತೆಗೆದು ನೆಟ್ಟಗೆ ಹೋಗಿ ಊರ ಬಾವಿಗೆ ಎಸೆದಳು.

“ನಾಟಕದಾಕಿ ಅಂದ್ರ ಜನ ಏನಂತಾರ ಗೊತ್ತೈತೇನ್ಲೇ? ನಾ ಕೆಸರಾಗ ನಿಂತು ನಿನ್ನ ಸಾಕಿದ್ದು ಇದಕ್ಕೇನು?”

ಅಮರೇಶ್ವರಿ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಮತ್ತೆ ಸಿಂಧನೂರಿನ ಬಸ್ಸು ಹತ್ತಿದಳು. ಆ ಗೆಜ್ಜೆಯ ಸುದ್ದಿಯನ್ನು ಆಮೇಲೆ ತಾಯಿಯೂ ತೆಗೆಯಲಿಲ್ಲ, ಮಗಳೂ ತೆಗೆಯಲಿಲ್ಲ.

ಏಳು ವರ್ಷ ನಾಟಕವಾದ ಮೇಲೆ ಬೆಂಗಳೂರಿನ ಧಾರಾವಾಹಿಯವರು ಕರೆದರು. ಮೊದಲು ಕೆಲಸದಾಕೆ, ಆಮೇಲೆ ಅತ್ತಿಗೆ, ಮೂವತ್ತನಾಲ್ಕಕ್ಕೇ ಅತ್ತೆ. ‘ನಿಮ್ಮ ಮುಖ ಚೆನ್ನಾಗಿದೆ, ಭಾಷೆ ಗಡುಸು’ ಎಂದು ಅವಳ ಮಾತನ್ನೆಲ್ಲ ಬೇರೆ ಹುಡುಗಿಯೊಬ್ಬಳ ದನಿಯಲ್ಲಿ ಹೇಳಿಸಿದರು. ನನಗೆ ಮೈಯೆಲ್ಲ ಉರಿಯಿತು. “ಬಾಯಿ ಅಲ್ಲೇ ಬಿಟ್ಟು ಬಂದೇನು ನೀ?” ಎಂದು ಫೋನಿನಲ್ಲೇ ಬೈದೆ.

“ಮುಖಾನರ ನನ್ನದ ಇಟ್ಟಾರಲ್ಲ, ಬಿಡು ಉಮಾ,” ಎಂದು ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಸುಮ್ಮನೆ ಕೂಡುವವಳಲ್ಲ ಅವಳು. ಚಿತ್ರೀಕರಣದ ನಡುವೆ ಬಿಡುವಾದರೆ ಚಿತ್ರ ಬರೆಯುವಳು. ಬೇಸಿಗೆಯಲ್ಲಿ ಲಿಂಗಸುಗೂರಿಗೆ ಬಂದು ಹದಿನೈದು ದಿನ ಮಕ್ಕಳಿಗೆ ನಾಟಕ ಕಲಿಸುವಳು, ಅಲ್ಲಿ ಮಾತ್ರ ತನ್ನ ದನಿಯಲ್ಲಿ ಗಂಟಲು ಹರಿಯುವಂತೆ ಕೂಗುವಳು. ಪಾತ್ರಗಳಿಗೆ ಉಟ್ಟು ಹಳೆಯದಾದ ಸೀರೆಗಳನ್ನು ಕೇಳಿ ತಂದು, ತುಂಡು ಜೋಡಿಸಿ ಕೌದಿ ಹೊಲಿಯುವಳು. ಅಂಥದೊಂದು ಕೌದಿಯನ್ನು ಅವ್ವನಿಗೆ ತಂದುಕೊಟ್ಟಿದ್ದಳು.

ಐದು ವರ್ಷದ ಹಿಂದೆ ಬಸ್ಸಮ್ಮನ ಕಣ್ಣು ಮಂಜಾಗಿ ಮಂಜಾಗಿ ಪೂರ್ತಿ ಹೋಯಿತು. ನರ ಒಣಗಿವೆ, ಇನ್ನು ಬೆಳಕು ಬರುವುದಿಲ್ಲ ಎಂದರು ರಾಯಚೂರಿನಲ್ಲಿ. ಮಗಳು ಬೆಂಗಳೂರಿಗೆ ಕರೆದರೆ ಹೋಗಲಿಲ್ಲ. ಗುಲ್ಷನ್‌ಬೀ ಇದ್ದಳು, ನಾನಿದ್ದೆ. ಸಂಜೆ ಏಳೂವರೆಗೆ ಮೂವರೂ ಟೀವಿ ಮುಂದೆ ಕೂಡುತ್ತಿದ್ದೆವು. ಕಣ್ಣಿದ್ದಾಗ ಮಗಳ ಮುಖ ನೋಡಿ ಸಮಾಧಾನವಾಗಿದ್ದವಳು ಈಗ ಕಿವಿಗೊಟ್ಟು, “ಈಗ ಮಾತಾಡಿದಾಕಿ ಯಾರಬೇ?” ಎನ್ನುತ್ತಿದ್ದಳು.

“ನಿನ್ನ ಮಗಳೇ, ದೊಡ್ಡವ್ವಾ.”

“ಹಾಟ್‌! ಅದು ನನ್ನ ಮಗಳ ದನಿ ಅಲ್ಲ. ನಾ ಸಾಯೋದ್ರಾಗ ಒಮ್ಮೆ ಟೀವ್ಯಾಗ ಆಕಿ ದನಿ ಕೇಳಬೇಕು.”

“ವಾರಕ್ಕೊಮ್ಮೆ ಫೋನ್‌ನ್ಯಾಗ ಕೇಳ್ತೀಯಲ್ಲ?”

“ಫೋನ್‌ನ್ಯಾಗ ಆಕಿ ನನ್ನ ಮಗಳು. ಅಲ್ಲಿ ಆಕಿ ಏನಾಗ್ಯಾಳ, ನನಗ ಗೊತ್ತಾಗಬ್ಯಾಡೇನು? ಬ್ಯಾಡ ಅಂದಾಕಿ ನಾನ. ನಾ ಅಂದದ್ದು ಸುಳ್ಳಾತೋ ಇಲ್ಲೋ ಕೇಳಬೇಕು.”

ನಾನು ಇದನ್ನು ಅಮರೇಶ್ವರಿಗೆ ಹೇಳಿದೆ. ತನ್ನ ದನಿಯನ್ನೇ ಇಡಿರೆಂದು ಅವಳು ಹೋಗಿ ಧಾರಾವಾಹಿಯವರನ್ನು ಕೇಳಿಕೊಂಡಳು. ಒಂದು ಸಲ ಅಲ್ಲ, ನಾಲ್ಕು ಸಲ. ‘ನೋಡೋಣ’ ಎಂದರು. ನೋಡೋಣ ಎಂದರೆ ಇಲ್ಲ ಎಂದು ಅರ್ಥ, ಅದು ನಮ್ಮ ಆಫೀಸುಗಳಲ್ಲೂ ಹಾಗೆಯೇ.

ಹೋದ ವರ್ಷ ಧಾರಾವಾಹಿಯಲ್ಲಿ ಅವಳ ಪಾತ್ರದ ತಾಯಿ ಸಾಯುವ ಭಾಗ ಬಂತು. ‘ಅಮ್ಮಾ, ನನ್ನನ್ನು ಬಿಟ್ಟು ಹೋದೆಯಾ’ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದ ಯಾರೋ ಹೆಂಗಸಿನ ಮುಂದೆ ಅಮರೇಶ್ವರಿ ಮೊಣಕಾಲೂರಿ ಕೂತಳು. ಆ ಸಾಲು ಬಾಯಿಗೆ ಬರಲಿಲ್ಲ, ಹಾಡು ಬಂತು. ಹಾಡು ಸುರುವಾದ ಮೇಲೆ ಸುಳ್ಳು ಹಾಡುವಂತಿಲ್ಲ. ಇಲ್ಲದ ತಾಯಿಯ ಗುಣವನ್ನು ಎಲ್ಲಿಂದ ತರಬೇಕು? ಇದ್ದ ತಾಯಿಯದನ್ನೇ ಹಾಡಿದಳು. ಮುಗಿದಾಗ ಲೈಟು ಹಿಡಿದವರೂ ಅಳುತ್ತಿದ್ದರಂತೆ. ಅವಳಿಗೆ ದನಿ ಕೊಡುತ್ತಿದ್ದ ಆ ಹುಡುಗಿ ಮೂರು ಸಲ ಪ್ರಯತ್ನಿಸಿ, “ಇದು ನನ್ನಿಂದಾಗಲ್ಲ” ಎಂದು ಕೈಬಿಟ್ಟಳು. ಅಮರೇಶ್ವರಿಯ ದನಿಯನ್ನೇ ಉಳಿಸಿದರು. ಊರಿಗೆ ಅವಳು ಈ ಸುದ್ದಿ ಹೇಳಲಿಲ್ಲ. ಹೇಳಲು ಅವಳಿಗೆ ಹೆದರಿಕೆಯಾಗಿತ್ತು.

ಆ ಸಂಜೆ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಟೀವಿಯಿಂದ ದನಿ ಎದ್ದಿತು.

“ಕೆಸರಗಾಲಿಲೆ ಓಡಿಬಂದು ಜ್ವರದಾಗ ಎತ್ತಿಗೊಂಡಾಕಿ, ಈಗ್ಯಾಕ ಮಾತಾಡವಲ್ಲೆ ನನ್ನವ್ವಾ...”

ಬಸ್ಸಮ್ಮ ಕೂತಲ್ಲೇ ನೆಟ್ಟಗಾದಳು.

“ಒಂದ ರೊಟ್ಟಿ ಇದ್ದಾಗ ಹಸಿವಿಲ್ಲ ಅಂದಾಕಿ, ನಿನ್ನ ಹಸಿವಿ ನನಗ ಗೊತ್ತಿತ್ತೇ ನನ್ನವ್ವಾ...”

“ಗೊತ್ತಿತ್ತಾ?” ಎಂದಳು ಬಸ್ಸಮ್ಮ. ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. “ಉಮಾ, ಆಕಿಗೆ ಗೊತ್ತಿತ್ತೇನ?”

ಗುಲ್ಷನ್‌ಬೀ ಎದ್ದು, “ತೋಬಾ ತೋಬಾ, ಜೀವಂತ ಇದ್ದಾಕಿಗೆ ಅಳ್ತಾಳಲ್ಲ!” ಎಂದು ಟೀವಿ ಆರಿಸಲು ಹೋದಳು. “ಮುಟ್ಟೀಯ ಮತ್ತ!” ಎಂದು ಬಸ್ಸಮ್ಮ ಗದರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. ಬದುಕಿದ್ದವರಿಗೆ ಹಾಡಿ ಅತ್ತರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹೆತ್ತ ಮಗಳೇ ಹೀಗೆ ಮಾಡಬಹುದೇ ಎಂದು ಆಡಿಕೊಂಡರು.

ಸ್ವಲ್ಪ ಹೊತ್ತಿಗೆ ಅಮರೇಶ್ವರಿಯ ಫೋನು ಬಂತು. ಸ್ಪೀಕರ್ ಹಾಕಿ ಹಿಡಿದೆ.

“ಯವ್ವಾ, ತಪ್ಪಾತು. ನನಗ ಬ್ಯಾರೆ ಏನೂ ಬರಲಿಲ್ಲ...”

“ಅಳಬ್ಯಾಡ. ಸತ್ತ ಮ್ಯಾಲ ನೀ ಎಷ್ಟು ಹಾಡಿದ್ರ ನನಗೇನು ಕೇಳಸ್ತೈತಿ? ಊರಾಗ ಎಲ್ಲಾರಿಗೂ ಹಾಡೀನಿ, ಒಬ್ಬರಾದ್ರೂ ಕೇಳ್ಯಾರೇನು? ನಾ ಕೇಳಿದೆ. ಛಲೋ ಹಾಡಿದಿ.” ಬಸ್ಸಮ್ಮ ಫೋನು ಹಿಡಿದ ನನ್ನ ಕೈಯನ್ನು ತಡವಿ ಹತ್ತಿರಕ್ಕೆ ಎಳೆದುಕೊಂಡಳು. “ಆದ್ರ ಒಂದು ಬಿಟ್ಟಿ.”

“ಏನವ್ವಾ?”

“ಗೆಜ್ಜಿ. ಬಾವಿಗೆ ಒಗದಾಕಿ ನಾನ ಅಲ್ಲೇನು? ಸತ್ತಾಕಿ ತಪ್ಪು ಹಾಡಬಾರದಂತ ಬಿಟ್ಟ್ಯಾ? ನಾ ಇನ್ನೂ ಸತ್ತಿಲ್ಲ. ಹಾಡು, ಕೇಳ್ತೀನಿ.”

“ಅದು ಹಾಡಾಕ ನನಗ ಬಾಯಿ ಬರವಲ್ದವ್ವಾ,” ಎಂದು ಫೋನಿಟ್ಟಳು. ಆಮೇಲೆ ಎಷ್ಟೋ ಸಲ ಬಸ್ಸಮ್ಮ ಕೇಳಿದಳು. ಅಮರೇಶ್ವರಿ ಪ್ರತಿ ಸಲ ಮಾತು ತೇಲಿಸಿದಳು.

ಎಂಟು ತಿಂಗಳಾದ ಮೇಲೆ ಬಸ್ಸಮ್ಮ ಮುಂಜಾನೆ ಚಹಾ ಕುಡಿದು ಅಡ್ಡಾದವಳು ಏಳಲಿಲ್ಲ. ಅರವತ್ತೆಂಟು ವರ್ಷ, ಗುಂಡಿಗೆ ಸೋತಿತ್ತು. ‘ಮಗಳು ಅತ್ತದ್ದು ಹತ್ತಿತು’ ಎಂದು ಊರಲ್ಲಿ ಮಾತಾಯಿತು. ಇವರ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಅಮರೇಶ್ವರಿ ಸಂಜೆಗೆ ಬಂದು ಮುಟ್ಟಿದಳು. ಅಂಗಳ ತುಂಬಿತ್ತು. ಟೀವಿಯಲ್ಲಿ ಅತ್ತವಳು ಇಲ್ಲಿ ಹೇಗೆ ಅಳುತ್ತಾಳೋ ನೋಡಲು ಸಿಂಧನೂರಿನಿಂದಲೂ ಜನ ಬಂದಿದ್ದರು. ನಾಲ್ಕೈದು ಮಂದಿ ಮೊಬೈಲು ಎತ್ತಿ ಹಿಡಿದಿದ್ದರು. ನನಗೆ ಅವನ್ನೆಲ್ಲ ಕಸಿದು ಅದೇ ಬಾವಿಗೆ ಹಾಕಬೇಕೆನಿಸಿತು. ಅವಳು ಕೌದಿಯನ್ನು ಅವ್ವನ ಎದೆಯವರೆಗೆ ಹೊದೆಸಿ, ಪಕ್ಕದಲ್ಲಿ ಕೂತಳು. ಬಾಯಿ ಬಿಡಲಿಲ್ಲ, ಕಣ್ಣಲ್ಲಿ ಹನಿಯೂ ಇರಲಿಲ್ಲ. “ಟೀವ್ಯಾಗ ಅಷ್ಟು ಅತ್ತಾಕಿ, ಹೆತ್ತಾಕಿಗೆ ಒಂದು ಹನಿ ಇಲ್ಲ ನೋಡು,” ಎಂದಳೊಬ್ಬ ಮುದುಕಿ.

ಅಮರೇಶ್ವರಿ ಬಗ್ಗಿ, ಬಾಯಿಯನ್ನು ಅವ್ವನ ಕಿವಿಯ ಹತ್ತಿರ ತಂದಳು. ಒಂದೇ ಸಾಲು ಹಾಡಿದಳು.

“ಗೆಜ್ಜಿ ಬಾವಿಗೆ ಒಗದಾಕಿ, ಕಣ್ಣು ಹೋದ ಮ್ಯಾಲ ನನ್ನ ದನಿ ಹುಡುಕಿದಾಕಿ, ನಿನ್ನ ಮ್ಯಾಲ ಸಿಟ್ಟಿಲ್ಲೇ ನನ್ನವ್ವಾ...”

ಹೆಂಗಸರು ಬೆಚ್ಚಿದರು. ಹೆಣದ ಮುಂದೆ ಹೆತ್ತವಳ ತಪ್ಪು ಹಾಡುತ್ತಾಳೆ, ಸುಮ್ಮನಿರಿಸಿರಿ ಎಂದು ಗದ್ದಲವೆದ್ದಿತು. ನಾನು ಎದ್ದು ನಿಂತೆ.

“ಬಾಯಿ ಮುಚ್ಚರಿ ಎಲ್ಲಾರೂ,” ಎಂದೆ. “ಹಾಡಂತ ಬಸ್ಸಮ್ಮನೇ ಹೇಳ್ಯಾಳ.”