ಜಯಮ್ಮ ಓದದ ಶುಕ್ರವಾರ

ಗುರುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಮ್ಮ ಸ್ಟುಡಿಯೋದ ಕೆಳಗೆ ಮೈಕು ಕಟ್ಟಿದ ಆಟೋ ಹೋದಾಗಲೆಲ್ಲ ನನ್ನ ಮನಸ್ಸು ಹೋಗಿ ಆ ಗಳಿಗೆಯಲ್ಲಿ ನಿಲ್ಲುತ್ತದೆ. ಈಗಷ್ಟೇ ಒಂದು ಹೋಯಿತು. ಹಾಸಿಗೆ ಮಾರಾಟದ ಪ್ರಚಾರ, ಯಾರದೋ ಗಂಡು ದನಿ. ಆದರೂ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

ಸ್ಟುಡಿಯೋ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಹಾಸನದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಕೋಣೆ. ಎಂ.ಎ. ಮುಗಿಸಿದವನು ಅಲ್ಲಿ ಕೂತು ಊರೂರಿನ ಪ್ರಚಾರ ರೆಕಾರ್ಡ್ ಮಾಡಿಕೊಡುತ್ತೇನೆ. ಕಾರ್ಡಿನಲ್ಲಿ 'ಧ್ವನಿ ನಿರ್ದೇಶಕ' ಎಂದು ಅಚ್ಚು ಹಾಕಿಸಿದ್ದೆ. ವ್ಯಾಪಾರ ನಡೆಯುತ್ತಿದ್ದದ್ದು ಮಾತ್ರ ಜಯಮ್ಮನ ದನಿಯಿಂದ.

ಜಯಮ್ಮ ಹಳ್ಳಿಮೈಸೂರು ಕಡೆಯ ಒಕ್ಕಲು ಮನೆಯವರು. ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದರು. ಅವರು ಓದಿದರೆ ಬೆಳ್ಳುಳ್ಳಿಯ ಬೆಲೆಯೂ ಮನೆಯವರೇ ಬಂದು ಹೇಳಿದ ಹಾಗಿರುತ್ತಿತ್ತು. ಒಂದು ಪ್ರಚಾರಕ್ಕೆ ಮುನ್ನೂರು ರೂಪಾಯಿ ಕೊಡುತ್ತಿದ್ದೆ. ಓದುವ ಮೊದಲು ಅವರದೊಂದು ಕಾಟವಿತ್ತು.

"ವಾರ ಸರಿಗೈತಾ ಸಾ? ಒಂದ್ಕಿತ ಅವರ್ನ ಕೇಳ್ಬುಡಿ. ತಪ್ಪಾದ್ರೆ ಜನ ಬಯ್ಯಾದು ನನ್ನ."

ನಾನು ಫೋನ್ ಮಾಡಿ ವಿಚಾರಿಸುವವರೆಗೆ ಬಾಯಿ ಬಿಡುತ್ತಿರಲಿಲ್ಲ. ನನಗೋ, ಹಾಳು ಸಮಯ ಎನ್ನಿಸುತ್ತಿತ್ತು.

ಕೆಲವು ವರ್ಷಗಳಲ್ಲಿ ವಾರಗಳು, ಗಂಟೆಗಳು, ಊರ ಹೆಸರುಗಳು, 'ಬನ್ನಿ', 'ಬೇಡಿ' ಎಲ್ಲವೂ ಅವರ ದನಿಯಲ್ಲಿ ನನ್ನ ಕಂಪ್ಯೂಟರಿನಲ್ಲಿ ಕೂಡಿಬಿದ್ದವು. ತುಂಡು ಜೋಡಿಸಿದರೆ ಹೊಸ ಪ್ರಚಾರ ಸಿದ್ಧ. ಜಯಮ್ಮನನ್ನು ಕರೆಸುವುದನ್ನೇ ಬಿಟ್ಟೆ. ಪಾಪ, ಬಸ್ಸಿನಲ್ಲಿ ನಿಂತು ಬರುವುದು ತಪ್ಪಿತಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅರಕಲಗೂಡಿನ ಸೀರೆ ಅಂಗಡಿಗೆ, ಚನ್ನರಾಯಪಟ್ಟಣದ ತರಕಾರಿ ಗಾಡಿಗೆ ಅವರು ಎರಡು ವರ್ಷ ಕೂಗಿದರು. ಅವರಿಗೇ ಗೊತ್ತಿರಲಿಲ್ಲ. ಅವರ ಊರಿನ ಕಡೆ ಮಾತ್ರ ಕಳಿಸುತ್ತಿರಲಿಲ್ಲ. ಅಷ್ಟು ಎಚ್ಚರ ನನಗಿತ್ತು.

ಆಗ ಬಂದದ್ದು ನಾಲೆಗೆ ನೀರು ಬಿಡುವ ಎಚ್ಚರಿಕೆ. ಒಬ್ಬ ಗುತ್ತಿಗೆದಾರ ಆಟೋದಲ್ಲಿ ಸಾರುವ ಕೆಲಸ ಹಿಡಿದಿದ್ದ. ಆಟೋ ಯಾವ ಯಾವ ಊರಿಗೆ ಹೋಗುತ್ತದೆಂದು ಈ ಸಲ ನಾನು ಕೇಳಲಿಲ್ಲ. ಚೀಟಿಯಲ್ಲಿ ಗುರುವಾರ ಎಂದಿತ್ತು. ಜಯಮ್ಮನ 'ಗುರುವಾರ'ದಲ್ಲಿ ಕೆಮ್ಮು ಸೇರಿತ್ತು. ಒಳ್ಳೆಯದನ್ನು ಹುಡುಕುವವರೆಗೆ ಇರಲಿ ಎಂದು ಆ ಜಾಗದಲ್ಲಿ 'ಶುಕ್ರವಾರ' ಕೂರಿಸಿದೆ. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಹಾಗೆಯೇ ಕಳಿಸಿಬಿಟ್ಟೆ.

ಆ ಗುರುವಾರ ನಾನು ಜಯಮ್ಮನ ಊರಿಗೆ ಹೋದದ್ದು ಒಂದೇ ಒಂದು ಪದಕ್ಕಾಗಿ. ನನ್ನ ದಾಸ್ತಾನಿನಲ್ಲಿ 'ರಿಯಾಯಿತಿ' ಇರಲಿಲ್ಲ. ಮಾತಿನ ಮಧ್ಯೆ ಅವರಿಂದ ಹೇಳಿಸಿ, ಗೊತ್ತಾಗದಂತೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುವ ಯೋಚನೆ. ಮನೆಗೆ ಬೀಗ. ನಾಲೆಗೆ ಹೋಗಿದ್ದಾರೆ ಎಂದರು ಪಕ್ಕದವರು.

ಏರಿಯ ಮೇಲೆ ನಿಂತು ನೋಡಿದೆ. ಜಯಮ್ಮ ಒಬ್ಬರೇ ಮೊಣಕಾಲುದ್ದದ ನೀರಿನಲ್ಲಿ ಕಂಬಳಿ ಜಾಲಿಸುತ್ತಿದ್ದರು. ಬಾಯಿ ತುಂಬ ಎಲೆಅಡಿಕೆ, ತುಟಿ ಮುಚ್ಚಿತ್ತು. ಅವರ ದನಿ ಮಾತ್ರ ನನ್ನ ಬೆನ್ನ ಹಿಂದೆ, ರಸ್ತೆಯ ಆಟೋದಲ್ಲಿ, ಮಾತಾಡುತ್ತಿತ್ತು. "ಶುಕ್ರವಾರ ಸಂಜೆ ನಾಲ್ಕರಿಂದ ನಾಲೆಗೆ ಇಳಿಯಬೇಡಿ." ಗಡಿಯಾರ ನೋಡಿಕೊಂಡೆ. ನಾಲ್ಕು ಹತ್ತು.

ಮೇಲುಗಡೆಯಿಂದ ನೊರೆ, ಒಣ ಎಲೆ ತೇಲಿ ಬಂದವು. ಸದ್ದೇ ಇರಲಿಲ್ಲ. ಮೊಣಕಾಲಿನ ನೀರು ನೋಡನೋಡುತ್ತ ಸೊಂಟಕ್ಕೇರಿತು. ಕೂಗಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಹಿಂದಿನಿಂದ ಅದೇ ಸಮಾಧಾನದಲ್ಲಿ ಇನ್ನೊಮ್ಮೆ 'ಶುಕ್ರವಾರ' ಎಂದಿತು. ನೀರು ಕುಡಿದ ಕಂಬಳಿ ಜಯಮ್ಮನನ್ನು ಎಳೆಯಿತು. ಅವರು ಮೆಟ್ಟಿಲ ಪಕ್ಕದ ಕಬ್ಬಿಣದ ಸರಳು ಹಿಡಿದ ಮೇಲಷ್ಟೇ ನನ್ನ ಕಾಲಿಗೆ ಜೀವ ಬಂತು. ಇಳಿದು ರಟ್ಟೆ ಹಿಡಿದು ಎಳೆದೆ. ಮುಂದೆ ಎಷ್ಟೋ ದಿನ ನನ್ನ ಕನಸಿನಲ್ಲಿ ಆ ಸರಳು ಇರುತ್ತಿರಲಿಲ್ಲ.

ಏರಿಯ ಮೇಲೆ ಕೂತು ಅವರು ತುಂಬ ಹೊತ್ತು ಏದುಸಿರು ಬಿಟ್ಟರು. ಆಮೇಲೆ ಕೇಳಿದರು.

"ಇದ ನಾನು ಯಾವಾಗ ಓದ್ದೆ ಸಾ?"

ಎಲ್ಲವನ್ನೂ ಹೇಳಿದೆ.

"ಬೆಳಗ್ಗೆನೇ ಕೇಳುಸ್ಕೊಂಡೆ. ಯಾವತ್ತೋ ಓದಿರ್ತೀನಿ, ಮರ್ತೋಗೈತೆ ಅಂದ್ಕಂಡೆ. ನಾನು ಓದ್ದೆ ಅಂದ್ಮೇಲೆ ಇಚಾರ್ಸೇ ಓದಿರ್ತೀನಲ್ವಾ? ಅದ್ಕೇ ನಂಬ್ಬುಟ್ಟೆ."

ನಾನು ದುಡ್ಡಿನ ಮಾತೆತ್ತಿದೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ.

"ದುಡ್ಡು ಇಸ್ಕತೀನಿ, ಅದು ನಂದೇ. ನಾನಾಡ್ದೆ ಇರೋ ಮಾತ ನನ್ನ ಬಾಯಲ್ಲಿ ಆಡುಸ್ಬ್ಯಾಡಿ. ಎಲ್ಲಾನೂ ವಾಪಸ್ ತನ್ನಿ."

ನಾಲೆಯ ಪ್ರಚಾರವನ್ನು ಆ ಸಂಜೆಯೇ ನಿಲ್ಲಿಸಿದೆ. ಉಳಿದವನ್ನು ಊರೂರು ತಿರುಗಿ ಹಿಂದಕ್ಕೆ ಪಡೆದೆ. ಸುಲಭವಾಗಲಿಲ್ಲ. ನನ್ನದೇ ದನಿಯಲ್ಲಿ ಓದಿ ಕೊಡುತ್ತೇನೆಂದರೆ ಚನ್ನರಾಯಪಟ್ಟಣದ ತರಕಾರಿಯವನು ಗಾಡಿಗೆ ಅಡ್ಡ ನಿಂತ. "ನಿನ್ ದನಿನಾ? ಬ್ಯಾಡ ಕಣಣ್ಣ. ಈಯಮ್ಮ ಕೂಗುದ್ರೆ ಎಂಗುಸ್ರು ಬತ್ತಾರೆ. ನೀನು ಕೂಗುದ್ರೆ ಬಾಕ್ಲಾಕ್ಕತಾರೆ." ಅವನು ಹೇಳಿದ್ದು ನಿಜವಾಗಿತ್ತು. ಎರಡು ವರ್ಷ ನಾನು ಬಿಟ್ಟಿ ತಿಂದದ್ದರ ಬೆಲೆ ಅವನಿಗೆ ಗೊತ್ತಿತ್ತು. ಈಗ ಪ್ರತಿ ಪ್ರಚಾರಕ್ಕೆ, ಅದು ಎಷ್ಟು ಊರಲ್ಲಿ ಎಷ್ಟು ದಿನ ಓಡಿದರೆ ಅಷ್ಟಕ್ಕೂ, ಓದಿದವರಿಗೆ ಪಾಲು ಕೊಡುತ್ತೇನೆ. ಹೊರಗೆ ಹೋಗುವ ಮೊದಲು ಅವರೇ ಕೇಳಿ ಒಪ್ಪಬೇಕು.

ಒಂದು ಬುಧವಾರ ಜಯಮ್ಮ ಹಾಸನಕ್ಕೆ ಬಂದರು. ಎರಡು ವರ್ಷದ ಬಾಕಿಯನ್ನು ಎರಡು ಸಲ ಎಣಿಸಿಕೊಂಡರು. ಬಳಿಕ ಒಂದೊಂದು ತುಂಡನ್ನೂ ಕೇಳಿಸಿ ಅಳಿಸಬೇಕೆಂದರು. ಸೋಮವಾರ, ಅರಕಲಗೂಡು, ಬನ್ನಿ. ಅವರು ಕಣ್ಣು ಮುಚ್ಚಿ ಕೇಳುತ್ತ ಹೋದರು, ನಾನು ಅಳಿಸುತ್ತ ಹೋದೆ. ಶುಕ್ರವಾರ ಬಂದಾಗ ಕೈ ಎತ್ತಿದರು.

"ಇನ್ನೊಂದ್ಕಿತ ಆಕಿ."

ಹಾಕಿದೆ.

"ಎಷ್ಟ್ ಚೆಂದಾಗ್ ಏಳಿವ್ನಿ ನೋಡಿ," ಎಂದು ಮೆಲ್ಲಗೆ ಹೇಳಿ, ಚಳಿಯಾದವರಂತೆ ಸೆರಗಿನಿಂದ ತೋಳು ಮುಚ್ಚಿಕೊಂಡರು. "ಅಳುಸ್ಬುಡಿ."

ಆ ರಾತ್ರಿ ಮಲಗಿದವನು ನಾಲೆಯ ಕನಸಿಗೆ ನಡುವೆ ಒಮ್ಮೆಯೂ ಏಳಲಿಲ್ಲ. ಬೆಳಗ್ಗೆ ಹೆಂಡತಿ ಭುಜ ಅಲುಗಿಸಿದಳು. "ಎಂಟಾಯ್ತು ಕಣ್ರೀ. ಉಸಿರಾಡ್ತಿದ್ದೀರಾ ಅಂತ ಎರಡ್ಸಲ ಬಗ್ಗಿ ನೋಡ್ದೆ."