ಸುಮ್ನೆ ಕೇಳಿದ್ದಕ್ಕೂ ಫೀಸು

ನನಗೆ ಯಾವ ಕಾಯಿಲೆಯೂ ಇಲ್ಲ ಎಂದು ಬರೆಸಿಕೊಳ್ಳಲು ಕಳೆದ ಶನಿವಾರ ಡಾಕ್ಟರ ಹತ್ತಿರ ಹೋಗಿದ್ದೆ. (ಕಾಯಿಲೆ ಇದ್ದಿದ್ದರೆ ಅಗ್ಗವಾಗುತ್ತಿತ್ತು. ನಮ್ಮ ಆಫೀಸಿನ ಇನ್ಶೂರೆನ್ಸ್ ನೆಗಡಿಗೆ ದುಡ್ಡು ಕೊಡುತ್ತದೆ, ಆರೋಗ್ಯಕ್ಕೆ ಕೊಡುವುದಿಲ್ಲ.)

ವಿಷಯ ಇಷ್ಟೆ. ಒನ್-ನಾರ್ತ್‌ನಲ್ಲಿರುವ ನಮ್ಮ ಆಫೀಸಿನ ಟೀಮ್ ಈ ವಾರ ಸ್ಕೂಬಾ ಡೈವಿಂಗ್ ಕಲಿಯಲು ಹೊರಟಿತ್ತು. ಡಾಕ್ಟರ ಪತ್ರವಿಲ್ಲದೆ ನೀರಿಗಿಳಿಸುವುದಿಲ್ಲ. ಗಟ್ಟಿಮುಟ್ಟಾಗಿದ್ದೇನೆ ಎನ್ನಲು ಸರ್ಕಾರಿ ಪಾಲಿಕ್ಲಿನಿಕ್‌ನ ಕ್ಯೂನಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ಹಾಗಾಗಿ ನಾನಿರುವ ಆಂಗ್ ಮೋ ಕಿಯೋದಲ್ಲಿ ನಮ್ಮ ಫ್ಲ್ಯಾಟುಗಳ ಬ್ಲಾಕ್‌ನ ಕೆಳಗೇ ಇರುವ ಖಾಸಗಿ ಕ್ಲಿನಿಕ್. ಜೊತೆಗೆ, ಮೈಸೂರಿನಿಂದ ಈ ಪರದೇಶಕ್ಕೆ ನನ್ನನ್ನು ನೋಡಲು ಬಂದಿರುವ ಅಮ್ಮ.

“ಪತ್ರಕ್ಕೆ ಬೇರೆ ಫೀಸಾ? ನಮ್ಮ ಡಾಕ್ಟ್ರು ಸುಮ್ನೆ ಬರ್ಕೊಡ್ತಿದ್ರು ಕಣೇ.”

ಅಮ್ಮನ ಮುಖ ನೋಡಿಯೇ ಕೌಂಟರಿನವಳಿಗೆ ಅರ್ಥವಾಯಿತು. “ಲೆಟರ್ ಎಕ್ಸ್‌ಟ್ರಾ, ಆಂಟಿ. ಎವ್ರಿವೇರ್ ಸೇಮ್ ಲಾ,” ಎಂದಳು, ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಸೇರಿಸಿ.

ನಮ್ಮ ಕಡೆಯ ವೈದ್ಯಕೀಯ ನಿಂತಿರುವುದೇ ಈ ‘ಸುಮ್ನೆ’ಯ ಮೇಲೆ. ಫೀಸು ಕೊಟ್ಟು ತೋರಿಸುವುದು ಅಜ್ಜಿಯ ಮಂಡಿ. ಎದ್ದು ಬಾಗಿಲವರೆಗೆ ಬಂದು ಸುಮ್ನೆ ಕೇಳುವುದು ಮನೆಮಂದಿಯ ಹೊಟ್ಟೆನೋವು. ಕಾರಣವಿಲ್ಲದಿದ್ದರೂ ಸುಮ್ನೆ, ದುಡ್ಡಿಲ್ಲದಿದ್ದರೂ ಸುಮ್ನೆ.

ಡಾಕ್ಟರ್ ಎದೆ ನೋಡಿದರು, ಕಿವಿ ನೋಡಿದರು, ಬರೆಯಲು ಪೆನ್ನು ತೆಗೆದರು.

“ಸಿಂಪ್ಲಿ ಆಸ್ಕಿಂಗ್, ಡಾಕ್ಟರ್,” ಎಂದಳು ಅಮ್ಮ. ಸುಮ್ನೆ ಎಂಬುದರ ಬೆಂಗಳೂರು-ಮೈಸೂರು ಇಂಗ್ಲಿಷ್ ಅದು. ಆಮೇಲೆ ನಿಧಾನವಾಗಿ ವಿವರಿಸಿದಳು: ಚಿಕ್ಕವಳಿದ್ದಾಗ ನನಗೆ ವೀಸಿಂಗ್ ಇತ್ತಂತೆ, ರಾತ್ರಿಯೆಲ್ಲ ಎದೆ ಸುಯ್‌ಗುಡುತ್ತಿತ್ತಂತೆ. ನನಗೇ ನೆನಪಿಲ್ಲದ ಕಾಯಿಲೆ.

ಪೆನ್ನು ಕೆಳಗಿಳಿಯಿತು, ಪ್ರಶ್ನೆಗಳು ಶುರುವಾದವು. ಕೊನೆಗೆ ಪತ್ರವೇನೋ ಸಿಕ್ಕಿತು: ಶ್ವಾಸಕೋಶದ ಪರೀಕ್ಷೆ ಆಗುವವರೆಗೆ ಡೈವಿಂಗ್ ಕೂಡದು. ಪರೀಕ್ಷೆಗೆ ತಾರೀಖು ಸಿಗುವುದು ಮುಂದಿನ ತಿಂಗಳು.

ಬಿಲ್‌ನಲ್ಲಿ ಮಾತು ಉದ್ದವಾದದ್ದಕ್ಕೆ ಒಂದು ಫೀಸು, ಪತ್ರಕ್ಕೆ ಇನ್ನೊಂದು.

“ಬೇಡ ಅಂತ ಬರೆದಿದ್ದಕ್ಕೂ ಚಾರ್ಜಾ?” ಎಂದು ಕೌಂಟರಿನವಳನ್ನು ಇಂಗ್ಲಿಷಿನಲ್ಲಿ ಕೇಳಿದೆ.

“ಯೆಸ್, ನೋ, ಸೇಮ್ ಪ್ರೈಸ್, ಮಿಸ್.”

ಈಗ ಅಮ್ಮ ಚೌಕಾಸಿಗಿಳಿಯುತ್ತಾಳೆ ಎಂದುಕೊಂಡೆ. ಅವಳು ತನ್ನ ಪರ್ಸ್ ತೆಗೆದು ಕೇಳಿದಷ್ಟೂ ಕೊಟ್ಟಳು. (ತರಕಾರಿಯವರ ಹತ್ತಿರ ಕೊತ್ತಂಬರಿಯನ್ನು ಕೊಸರಿಗೆ ಕೇಳುವ ಅಮ್ಮ!)

ಹೊರಗೆ ಬಂದು ಕೇಳಿದೆ, “ಅದನ್ನ ಇವತ್ತೇ ಹೇಳ್ಬೇಕಿತ್ತಾ?”

“ನೆಟ್ಟಗೆ ಈಜೋಕೆ ಬರಲ್ಲ, ಸಮುದ್ರದ ತಳಕ್ಕೆ ಹೊರಟಿದ್ಲು. ಬಾ, ಕಾಫಿ ಕುಡಿಯೋಣ.”

ಹಾಗಾದರೆ ಆ ಪತ್ರ ಬರೆಸಿಕೊಂಡದ್ದು ನಾನೋ, ಅಮ್ಮನೋ?