ಊರಿನ ಹೆಸರು ಕೇಳಿಸದ ಆ ಹೊತ್ತು

ಕಳೆದ ಭಾನುವಾರ ಮಧ್ಯಾಹ್ನ ಔರಾದ್ ಕಡೆಯ ಹೊಲವೊಂದರಲ್ಲಿ ಕಳೆ ತೆಗೆಯುತ್ತಿದ್ದ ಮಹಿಳೆಗೆ ಹಾವು ಕಚ್ಚಿತು. ಮಳೆಗೆ ಆ ಕಡೆಯ ಮೊಬೈಲ್ ಟವರ್ ಕೆಟ್ಟಿತ್ತು. ಅಲ್ಲಿನ ಹವ್ಯಾಸಿ (ಹ್ಯಾಮ್) ರೇಡಿಯೊ ಗೆಳೆಯನೊಬ್ಬ ವಾಕಿಟಾಕಿಯಲ್ಲಿ ಆಂಬುಲೆನ್ಸ್ ಕೇಳುತ್ತಿದ್ದ. ಭಾಲ್ಕಿಯಲ್ಲಿ ರೇಡಿಯೊ ಮುಂದಿದ್ದ ನನಗೆ ಊರಿನ ಹೆಸರೇ ಕೇಳಿಸಲಿಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ಬೀದರದ ಇಬ್ಬರು ಹೊಸ ಆಂಟೆನಾ ಹೊಗಳುತ್ತಿದ್ದರು. ಒಬ್ಬರ ಮಾತು ಮುಗಿದ ಮೇಲೆ, ತುರ್ತಿದ್ದವರು ನುಗ್ಗಲೆಂದು ತುಸು ಬಿಡುವು ಬಿಡುವುದು ನಮ್ಮ ಪದ್ಧತಿ. ಇವರು ಬಿಡಲೇ ಇಲ್ಲ.

ಅವರ ಮಾತಿನ ಮೇಲೆಯೇ ಕೂಗಿದೆ: "ಜರಾ ಸುಮ್ಕಿರ್ರಿ, ಔರಾದ್ ಕಡಿ ಹಾವ್ ಕಡದದ."

"ಮುಂಜಾನಿಂದ ನಾವ ಮಾತಾಡ್ಲಿಕತ್ತೀವ್ರಿ. ನೀವ ಬ್ಯಾರೆ ಕಡಿ ಹೋಗ್ರಿ," ಎಂದರು ಒಬ್ಬರು.

"ಫ್ರೀಕ್ವೆನ್ಸಿ ಏನ್ ನಿಮ್ಮ ಹೆಸರಿಗಿ ಪಹಣಿ ಆಗ್ಯದೇನ್ರಿ?"

ಆಗ ಫ್ರೀಕ್ವೆನ್ಸಿ ಬಿಟ್ಟುಕೊಟ್ಟರು. ಗೆಳೆಯ ಮತ್ತೆ ಹೇಳಿದಾಗ ಊರು ತಿಳಿದು ನಾನು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅದು ತಲುಪುವಷ್ಟರಲ್ಲಿ ಆಕೆಯ ಕಾಲು ಮೊಣಕಾಲಿನವರೆಗೂ ಊದಿತ್ತು.

ಆ ಮಹಿಳೆ ಇನ್ನೂ ಬೀದರದ ಆಸ್ಪತ್ರೆಯಲ್ಲಿದ್ದಾರೆ. ಊತ ಇಳಿದಿಲ್ಲ.